ಬೋರ್ಡಿನಿಂದ ಕಂಪ್ಯೂಟರಿಗೆ ಡೇಟಾ ಬರ್ತಿಲ್ವಾ? ಸೀರಿಯಲ್ ತೊಂದರೆ ಹುಡುಕುವ ಸಮಗ್ರ ಮಾರ್ಗದರ್ಶಿ

ಬೋರ್‌ವೆಲ್ ಮೋಟರ್ ಓಡಲಿಲ್ಲ ಅಂದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಯಾರೂ ಮೊದಲೇ ಸಾವಿರ ಅಡಿ ಪೈಪ್ ಎತ್ತಿಸುವುದಿಲ್ಲ. ಮೂರು ಫೇಸೂ ಬರ್ತಿದೆಯಾ ನೋಡುತ್ತಾರೆ, ಫ್ಯೂಸ್ ನೋಡುತ್ತಾರೆ, ಸ್ಟಾರ್ಟರ್ ನೋಡುತ್ತಾರೆ, ಕೊನೆಗೆ ಪಂಪ್‌ಗೆ ಬರುತ್ತಾರೆ. ಆರ್ಡುಇನೋ ಅಥವಾ ಇಎಸ್‌ಪಿ32 ಬೋರ್ಡು (ಸೆನ್ಸರ್ ಓದುವಂಥ ಕೆಲಸಕ್ಕೆ ಪ್ರೋಗ್ರಾಂ ಹಾಕಿ ಬಳಸುವ ಪುಟ್ಟ ಬೋರ್ಡು) ಕಂಪ್ಯೂಟರ್ ಜೊತೆ ಮಾತಾಡುತ್ತಿಲ್ಲ ಅಂದಾಗಲೂ ಇದೇ ಕ್ರಮ ಬೇಕು. ಆದರೆ ನಾನು ನೋಡಿದ ಮಟ್ಟಿಗೆ ಜಾಸ್ತಿ ಜನ ಮೊದಲು ಕೈ ಹಾಕುವುದು ಕೋಡ್‌ಗೆ. ಅಲ್ಲೊಂದು ಸಾಲು ಬದಲಾಯಿಸಿ, ಇಲ್ಲೊಂದು ಲೈಬ್ರರಿ ಸೇರಿಸಿ, ಬಾಡ್ ರೇಟ್ (ಡೇಟಾ ಹೋಗುವ ವೇಗ) ತಿರುಚಿ, ಎರಡು ಗಂಟೆ ಆದಮೇಲೆ ಮೊದಲಿದ್ದ ತೊಂದರೆ ಯಾವುದು, ಈಗ ಹೊಸದಾಗಿ ಸೇರಿದ್ದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಬೋರ್ಡು ಮತ್ತು ಕಂಪ್ಯೂಟರ್ ಒಂದೊಂದೇ ಬಿಟ್ ಸಾಲಾಗಿ ಕಳಿಸಿ ಮಾತಾಡುವ ದಾರಿಗೆ ಸೀರಿಯಲ್ ಅನ್ನುತ್ತಾರೆ. ಇಲ್ಲಿ ನಾವು ಕಂಪ್ಯೂಟರ್ ಕಡೆಯಿಂದ ಶುರು ಮಾಡಿ, ಒಂದೊಂದೇ ಕೊಂಡಿ ಪರೀಕ್ಷೆ ಮಾಡುತ್ತಾ ಚಿಪ್ ಕಡೆಗೆ ಹೋಗೋಣ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಏನು ಬದಲಾಯಿಸಿದಿರಿ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಉದಾಹರಣೆಗೆ ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆ ಹುಳು ಮನೆ ಇಟ್ಟುಕೊಳ್ಳೋಣ. ಒಳಗೆ ಡಿಎಚ್‌ಟಿ22 ಎಂಬ ಉಷ್ಣ-ತೇವಾಂಶ ಸೆನ್ಸರ್, ಅದಕ್ಕೆ ಒಂದು ಊನೋ (ಆರ್ಡುಇನೋದ ಒಂದು ಮಾದರಿ) ಬೋರ್ಡು, ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್. ಚಾಕಿ (ಮರಿ) ಹುಳುವಿಗೆ 27-28 ಡಿಗ್ರಿ ಉಷ್ಣ, ಶೇ 85ರ ಆಸುಪಾಸು ತೇವಾಂಶ ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ, ಶೇ 70 ಸಾಕು. ಹುಳು ಜ್ವರಕ್ಕೆ (ಪೊರೆ ಕಳಚಲು) ಕೂತ ದಿನ ರೀಡಿಂಗ್ ನಿಂತುಹೋದರೆ ಬೆಳೆಗೇ ಹೊಡೆತ. ಹಾಗಾಗಿ ಅಂದಾಜಿನ ರಿಪೇರಿ ಇಲ್ಲಿ ನಡೆಯುವುದಿಲ್ಲ.

ಕೈಗೆ ಬೇಕಾದ್ದು ಸ್ವಲ್ಪವೇ. ಒಂದು ಮಲ್ಟಿಮೀಟರ್, ಎರಡು ಮೂರು ಜಂಪರ್ ವೈರ್, ಡೇಟಾ ಹೋಗುತ್ತದೆ ಅಂತ ಖಾತ್ರಿ ಇರುವ ಒಂದು ಕೇಬಲ್, ಸಾಧ್ಯವಾದರೆ ಒಂದು ಬಿಡಿ ಯುಎಸ್‌ಬಿ-ಟಿಟಿಎಲ್ ಮಾಡ್ಯೂಲ್ (ಕಂಪ್ಯೂಟರಿನ ಯುಎಸ್‌ಬಿಯನ್ನು ಚಿಪ್‌ನ ಸೀರಿಯಲ್ ಸಿಗ್ನಲ್ ಆಗಿ ಬದಲಿಸುವ ಸಣ್ಣ ಬೋರ್ಡು). ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದಾಗ ಈ ಮಾಡ್ಯೂಲ್ ಒಂದು ತಂದಿಟ್ಟುಕೊಳ್ಳಿ, ಬೇರೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

1. ಕಂಪ್ಯೂಟರಿಗೆ ಬೋರ್ಡು ಕಾಣಿಸುತ್ತಿದೆಯಾ?

ಬೋರ್ಡಿನ ಎಲ್‌ಇಡಿ ಉರಿಯುತ್ತಿದೆ ಅಂದರೆ ಕರೆಂಟ್ ಬಂದಿದೆ ಅಂತ ಮಾತ್ರ ಅರ್ಥ. ಎಷ್ಟೋ ಮೊಬೈಲ್ ಕೇಬಲ್‌ಗಳಲ್ಲಿ ಚಾರ್ಜಿಂಗ್‌ನ ಎರಡು ತಂತಿ ಅಷ್ಟೇ ಇರುತ್ತವೆ, ಡೇಟಾದ ಎರಡು ತಂತಿ ಇರುವುದೇ ಇಲ್ಲ. ನೋಡಲು ಎರಡೂ ಒಂದೇ ಥರ. ಆ ಕೇಬಲ್‌ನಲ್ಲಿ ಫೋನ್ ಸಿಕ್ಕಿಸಿ ಕಂಪ್ಯೂಟರಿಗೆ ಫೋಟೋ ಕಾಪಿ ಮಾಡಿ ನೋಡಿ. ಕಾಪಿ ಆದರೆ ಕೇಬಲ್ ಸರಿ, ಆಗದಿದ್ದರೆ ಅದನ್ನು ಚಾರ್ಜಿಂಗ್‌ಗೇ ಬಿಡಿ.

ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರ್ ತೆಗೆದಿಡಿ. ಕೇಬಲ್ ಸಿಕ್ಕಿಸಿ, ತೆಗೆಯಿರಿ, ಮತ್ತೆ ಸಿಕ್ಕಿಸಿ. ಪಟ್ಟಿ ಅಲುಗಾಡಬೇಕು, ಹೊಸ ಹೆಸರು ಬಂದು ಹೋಗಬೇಕು. ಏನೂ ಆಗದಿದ್ದರೆ ಕೇಬಲ್, ಯುಎಸ್‌ಬಿ ಸಾಕೆಟ್ ಅಥವಾ ಬೋರ್ಡಿನ ಯುಎಸ್‌ಬಿ ಚಿಪ್, ಈ ಮೂರರಲ್ಲಿ ಒಂದು ಕೆಟ್ಟಿದೆ. ಹೆಸರು ಬಂದು ಪಕ್ಕದಲ್ಲಿ ಹಳದಿ ತ್ರಿಕೋನ ಇದ್ದರೆ ಡ್ರೈವರ್ (ಆ ಚಿಪ್ ಬಳಸಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್) ಇಲ್ಲ ಅಥವಾ ಸರಿಯಿಲ್ಲ. ಲಿನಕ್ಸ್‌ನಲ್ಲಿ ಕರ್ನಲ್ ಲಾಗ್ ನೋಡಿದರೆ ಸಾಕು, ಸಿಕ್ಕಿಸಿದ ಕ್ಷಣವೇ ಚಿಪ್‌ನ ಹೆಸರೂ ಪೋರ್ಟ್‌ನ ಹೆಸರೂ ಬರುತ್ತವೆ. ಅಸಲಿ ಊನೋ ಆದರೆ ಟಿಟಿವೈ ಎಸಿಎಂ 0, ಸಿಎಚ್340 ಅಥವಾ ಸಿಪಿ2102 ಚಿಪ್ ಇರುವ ಬೋರ್ಡ್ ಆದರೆ ಟಿಟಿವೈ ಯುಎಸ್‌ಬಿ 0.

ಬೋರ್ಡಿನ ಮೇಲೆ ಯಾವ ಯುಎಸ್‌ಬಿ ಚಿಪ್ ಇದೆ ಅಂತ ಕಣ್ಣಿಟ್ಟು ಓದಿ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದರೆ ಅಕ್ಷರ ಕಾಣಿಸುತ್ತದೆ. ಕಡಿಮೆ ಬೆಲೆಯ ಊನೋ, ನ್ಯಾನೋಗಳಲ್ಲಿ ಸಾಮಾನ್ಯವಾಗಿ ಸಿಎಚ್340 ಇರುತ್ತದೆ. ಇಎಸ್‌ಪಿ32 ಬೋರ್ಡುಗಳಲ್ಲಿ ಅದು ಅಥವಾ ಸಿಪಿ2102. ಡ್ರೈವರ್ ಬೇಕಾದರೆ ಆ ಚಿಪ್ ಮಾಡಿದ ಕಂಪನಿಯ ಸೈಟಿಂದಲೇ ಇಳಿಸಿಕೊಳ್ಳಿ. ಯಾವುದೋ ಡ್ರೈವರ್ ಪ್ಯಾಕ್ ಹಾಕಬೇಡಿ.

2. ಪೋರ್ಟ್ ಇದೆ, ಆದರೆ ತೆರೆಯುತ್ತಿಲ್ಲ

ಆಕ್ಸೆಸ್ ಡಿನೈಡ್ ಅಥವಾ ಪೋರ್ಟ್ ಬ್ಯುಸಿ ಅಂತ ಬಂದರೆ ಗಾಬರಿ ಬೇಡ. ಒಂದು ಸೀರಿಯಲ್ ಪೋರ್ಟನ್ನು ಸಾಮಾನ್ಯವಾಗಿ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಹುದು. ಆರ್ಡುಇನೋ ಸೀರಿಯಲ್ ಮಾನಿಟರ್ (ಬೋರ್ಡು ಕಳಿಸಿದ್ದನ್ನು ತೋರಿಸುವ ಕಿಟಕಿ) ತೆರೆದಿಟ್ಟು ಪೈಥಾನ್ ಪ್ರೋಗ್ರಾಂ ಓಡಿಸಿದರೆ ಆಗುವುದೇ ಇದು. 3ಡಿ ಪ್ರಿಂಟರ್ ಸಾಫ್ಟ್‌ವೇರ್ ಹಿಂದೆಲ್ಲೋ ತೆರೆದಿದ್ದರೂ ಪೋರ್ಟ್ ಹಿಡಿದಿರಬಹುದು.

ಉಬುಂಟುವಿನಲ್ಲಿ ನಿಮ್ಮ ಯೂಸರ್ ಹೆಸರು ಡಯಲ್‌ಔಟ್ ಗುಂಪಿನಲ್ಲಿ ಇರಬೇಕು. ಸೇರಿಸಿದ ಮೇಲೆ ಲಾಗ್ಔಟ್ ಆಗಿ ಮತ್ತೆ ಬರಬೇಕು, ಇದನ್ನು ತುಂಬಾ ಜನ ಬಿಡುತ್ತಾರೆ. ಉಬುಂಟು 22.04ರಲ್ಲಿ ಇನ್ನೊಂದು ಕಾಟ ಇದೆ. ಅಂಧರ ಬ್ರೈಲ್ ಸಾಧನಕ್ಕೆ ಅಂತ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ, ಸಿಎಚ್340 ಚಿಪ್ಪನ್ನು ತನ್ನ ಸಾಧನ ಅಂತ ತಿಳಿದು ಹಿಡಿದುಕೊಳ್ಳುತ್ತದೆ. ಆಗ ಪೋರ್ಟ್ ಒಂದು ಕ್ಷಣ ಬಂದು ಮಾಯವಾಗುತ್ತದೆ, ಕರ್ನಲ್ ಲಾಗ್‌ನಲ್ಲಿ ಆ ಹೆಸರು ಕಾಣುತ್ತದೆ. ನಿಮಗೆ ಬ್ರೈಲ್ ಬೇಡವಾದರೆ ಆ ಪ್ಯಾಕೇಜ್ ತೆಗೆದುಬಿಡಿ. ಮ್ಯಾಕ್‌ನಲ್ಲಿ ಟಿಟಿವೈ ಅಂತ ಶುರುವಾಗುವ ಹೆಸರು ಬಿಟ್ಟು ಸಿಯು ಅಂತ ಶುರುವಾಗುವುದನ್ನು ಬಳಸಿ.

3. ಲೂಪ್‌ಬ್ಯಾಕ್: ಇದೊಂದು ಪರೀಕ್ಷೆ ಬಿಡಲೇಬೇಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಳಿಸುವ ತಂತಿಯನ್ನೂ ಪಡೆಯುವ ತಂತಿಯನ್ನೂ ಒಂದಕ್ಕೊಂದು ಜೋಡಿಸಿದರೆ, ಕಂಪ್ಯೂಟರ್ ಕಳಿಸಿದ್ದು ಕಂಪ್ಯೂಟರಿಗೇ ವಾಪಸ್ ಬರಬೇಕು. ಬಂದರೆ ಕೇಬಲ್, ಡ್ರೈವರ್, ಪೋರ್ಟ್, ಯುಎಸ್‌ಬಿ ಚಿಪ್ ಎಲ್ಲವೂ ಸರಿ. ತೊಂದರೆ ಆಚೆ ಕಡೆ, ತಂತಿ, ಮೈಕ್ರೋಕಂಟ್ರೋಲರ್ (ಬೋರ್ಡಿನ ಮುಖ್ಯ ಚಿಪ್) ಅಥವಾ ಕೋಡ್‌ನಲ್ಲಿ. ಬರದಿದ್ದರೆ ಕೋಡ್ ಮುಟ್ಟುವ ಅಗತ್ಯವೇ ಇಲ್ಲ. ಎರಡು ನಿಮಿಷದ ಕೆಲಸ, ಅರ್ಧ ತಲೆನೋವು ಅಲ್ಲೇ ಹೋಯಿತು.

ಬಿಡಿ ಮಾಡ್ಯೂಲ್ ಆದರೆ ಅದರ ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಪಡೆಯುವ) ಪಿನ್‌ಗಳನ್ನು ಒಂದು ಜಂಪರ್‌ನಿಂದ ಸೇರಿಸಿ. ಬೇರೆ ಯಾವ ತಂತಿಯೂ ಬೇಡ.

ಊನೋ ಬೋರ್ಡಿನಲ್ಲಿ ಸ್ವಲ್ಪ ಬೇರೆ. ಅಲ್ಲಿ ಮುಖ್ಯ ಚಿಪ್ ನಡುವೆ ಬಾಯಿ ಹಾಕಬಾರದು. ಅದಕ್ಕೆ ಮೊದಲು ರೀಸೆಟ್ ಪಿನ್ನನ್ನು ಗ್ರೌಂಡ್‌ಗೆ ಜೋಡಿಸಿ, ಚಿಪ್ ರೀಸೆಟ್‌ನಲ್ಲೇ ನಿಂತುಬಿಡುತ್ತದೆ. ಆಮೇಲೆ 0 ಮತ್ತು 1ನೇ ಪಿನ್‌ಗಳನ್ನು ಸೇರಿಸಿ. ಇಎಸ್‌ಪಿ32 ಬೋರ್ಡಿನಲ್ಲಿ ಇಎನ್ ಪಿನ್ನನ್ನು ಗ್ರೌಂಡ್‌ಗೆ ಹಾಕಿ, ಟಿಎಕ್ಸ್0 ಮತ್ತು ಆರ್‌ಎಕ್ಸ್0 ಸೇರಿಸಿ.

ಈಗ ಸೀರಿಯಲ್ ಮಾನಿಟರ್ ತೆರೆದು ಏನಾದರೂ ಟೈಪ್ ಮಾಡಿ ಕಳಿಸಿ. ಟೈಪ್ ಮಾಡಿದ್ದೇ ತೆರೆಯ ಮೇಲೆ ಬರಬೇಕು. ಜಂಪರ್ ತೆಗೆದ ಕೂಡಲೇ ನಿಲ್ಲಬೇಕು. ಈ ಎರಡನೇ ಭಾಗ ಮುಖ್ಯ. ಕೆಲವು ಟರ್ಮಿನಲ್‌ಗಳಲ್ಲಿ ಲೋಕಲ್ ಎಕೋ ಆನ್ ಆಗಿರುತ್ತದೆ, ತಂತಿ ಇಲ್ಲದಿದ್ದರೂ ಅಕ್ಷರ ಕಾಣಿಸುತ್ತದೆ, ನಾವು ಸುಮ್ನೆ ಪಾಸ್ ಆಯಿತು ಅಂದುಕೊಳ್ಳುತ್ತೇವೆ.

ಇನ್ನೊಂದು ಮಾತು. ಲೂಪ್‌ಬ್ಯಾಕ್‌ನಲ್ಲಿ ಬಾಡ್ ರೇಟ್ ತಪ್ಪಿದ್ದರೂ ಪಾಸ್ ಆಗುತ್ತದೆ, ಯಾಕಂದರೆ ಕಳಿಸುವವರೂ ಪಡೆಯುವವರೂ ಒಬ್ಬರೇ. ಹಾಗಾಗಿ ಬಾಡ್ ರೇಟ್ ಬಗ್ಗೆ ಇದರಿಂದ ಏನೂ ತಿಳಿಯುವುದಿಲ್ಲ.

4. ತಂತಿ ಮತ್ತು ವೋಲ್ಟೇಜ್

ಬೋರ್ಡಿನಲ್ಲೇ ಯುಎಸ್‌ಬಿ ಇದ್ದು ನೇರ ಸಿಕ್ಕಿಸಿದ್ದರೆ ಈ ಹಂತ ಬೇಗ ದಾಟಬಹುದು. ಬಿಡಿ ಮಾಡ್ಯೂಲ್, ಜಿಎಸ್‌ಎಂ, ಬ್ಲೂಟೂತ್ ಏನಾದರೂ ತಂತಿಯಲ್ಲಿ ಜೋಡಿಸಿದ್ದರೆ ಇಲ್ಲಿ ನಿಲ್ಲಿ.

ಒಬ್ಬರ ಟಿಎಕ್ಸ್ ಇನ್ನೊಬ್ಬರ ಆರ್‌ಎಕ್ಸ್‌ಗೆ ಹೋಗಬೇಕು. ಗ್ರೌಂಡ್ ಗ್ರೌಂಡ್‌ಗೆ ಸೇರಲೇಬೇಕು. ಎರಡೂ ಬೋರ್ಡಿಗೆ ಬೇರೆ ಬೇರೆ ಅಡಾಪ್ಟರ್ ಇದ್ದಾಗ ಗ್ರೌಂಡ್ ತಂತಿ ಮರೆತುಹೋಗುವುದು ಜಾಸ್ತಿ. ಆಗ ಏನೂ ಬರದೆ ಇರಬಹುದು, ಅಥವಾ ಇನ್ನೂ ಕೆಟ್ಟದ್ದು ಅಂದರೆ ಒಮ್ಮೊಮ್ಮೆ ಬಂದು ಒಮ್ಮೊಮ್ಮೆ ಕೆಡಬಹುದು.

ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿ ಗ್ರೌಂಡ್‌ಗೆ, ಕೆಂಪು ಕಡ್ಡಿ ಕಳಿಸುವವರ ಟಿಎಕ್ಸ್‌ಗೆ ಹಿಡಿಯಿರಿ. ಸುಮ್ಮನಿರುವಾಗ ಆ ತಂತಿ ಮೇಲೆಯೇ ಇರುತ್ತದೆ: ಊನೋದಲ್ಲಿ 5 ವೋಲ್ಟ್, ಇಎಸ್‌ಪಿ32ರಲ್ಲಿ 3.3 ವೋಲ್ಟ್ ಹತ್ತಿರ. ಡೇಟಾ ಹೋಗುವಾಗ ಸ್ವಲ್ಪ ಕೆಳಗಿಳಿದು ಅಲುಗಾಡುತ್ತದೆ. ಸೊನ್ನೆ ಕಂಡರೆ ಕೋಡ್‌ನಲ್ಲಿ ಸೀರಿಯಲ್ ಶುರು ಮಾಡುವ ಸೀರಿಯಲ್ ಬಿಗಿನ್ ಸಾಲು ಓಡಿಲ್ಲ, ಚಿಪ್‌ಗೆ ಕರೆಂಟ್ ಇಲ್ಲ, ಅಥವಾ ನೀವು ಬೇರೆ ಪಿನ್ ಹಿಡಿದಿದ್ದೀರಿ.

ಮೈನಸ್ ವೋಲ್ಟೇಜ್ ಕಂಡರೆ? ಅದು ಆರ್‌ಎಸ್-232. ಹಳೆಯ ಒಂಬತ್ತು ಪಿನ್ನಿನ ಕನೆಕ್ಟರ್ ಇರುವ ಯಂತ್ರಗಳಲ್ಲಿ ಇದು ಮಾಮೂಲು. ಕೋಲಾರದ ಟೊಮೆಟೊ ಮಂಡಿಯ ತೂಕದ ಯಂತ್ರದಿಂದ ತೂಕ ನೇರ ಕಂಪ್ಯೂಟರಿಗೆ ಬರಲಿ ಅಂತ ಹೊರಟವರಿಗೆ ಇದೇ ಎದುರಾಗುತ್ತದೆ. ಅಲ್ಲಿ ಪ್ಲಸ್-ಮೈನಸ್ 3ರಿಂದ 15 ವೋಲ್ಟ್ ತನಕ ಇರುತ್ತದೆ, ಸಿಗ್ನಲ್ ಕೂಡ ತಲೆಕೆಳಗು. ನೇರ ಊನೋಗೆ ಕೊಟ್ಟರೆ ಪಿನ್ ಸುಟ್ಟುಹೋಗಬಹುದು. ನಡುವೆ ಮ್ಯಾಕ್ಸ್232 ಚಿಪ್‌ನ ಮಾಡ್ಯೂಲ್ ಹಾಕಿ. ಮಾಡ್ಯೂಲ್‌ಗೆ 3.3 ವೋಲ್ಟ್ ಕೊಡುವುದಾದರೆ ಮ್ಯಾಕ್ಸ್3232.

ಊನೋದ 5 ವೋಲ್ಟ್ ಟಿಎಕ್ಸ್ ಅನ್ನು ಇಎಸ್‌ಪಿ32ರ ಆರ್‌ಎಕ್ಸ್‌ಗೆ ನೇರ ಕೊಡಬೇಡಿ. ನಡುವೆ 1 ಕಿಲೋಓಮ್ ರೆಸಿಸ್ಟರ್, ಅದರ ಇಎಸ್‌ಪಿ32 ಕಡೆಯ ತುದಿಯಿಂದ ಗ್ರೌಂಡ್‌ಗೆ 2 ಕಿಲೋಓಮ್ ಹಾಕಿದರೆ 3.3 ವೋಲ್ಟ್ ಸಿಗುತ್ತದೆ. ಆ ಕಡೆಯಿಂದ ಈ ಕಡೆಗೆ, ಅಂದರೆ 3.3ರಿಂದ ಊನೋಗೆ, ಸಾಮಾನ್ಯವಾಗಿ ನೇರ ನಡೆಯುತ್ತದೆ.

5. ಕಸದಂಥ ಅಕ್ಷರ ಬರ್ತಿದೆ ಅಂದರೆ ಖುಷಿಪಡಿ

ನಿಜವಾಗಿ. ಕಸ ಬರುತ್ತಿದೆ ಅಂದರೆ ದಾರಿ ತೆರೆದಿದೆ, ಹೆಚ್ಚಾಗಿ ವೇಗ ಹೊಂದುತ್ತಿಲ್ಲ ಅಷ್ಟೇ. ಕಸದ ರೀತಿ ನೋಡಿದರೆ ಕಾರಣವೂ ಸಿಗುತ್ತದೆ.

ಎಲ್ಲಾ ಅಕ್ಷರವೂ ಕಸ ಆದರೆ ಬಾಡ್ ರೇಟ್ ತಪ್ಪು. ಕೋಡ್‌ನಲ್ಲಿ 115200 ಇದ್ದು ಮಾನಿಟರ್‌ನಲ್ಲಿ 9600 ಇರುವುದು ಸಾಮಾನ್ಯ. ಕೋಡ್ ನಿಮ್ಮದಲ್ಲದಿದ್ದರೆ 9600, 19200, 38400, 57600, 115200 ಒಂದೊಂದೇ ಹಾಕಿ ನೋಡಿ. ಇಎಸ್‌ಪಿ8266 ಬೋರ್ಡು ಆನ್ ಆದ ತಕ್ಷಣ ಒಂದಿಷ್ಟು ಕಸ ಕಾರಿ ಆಮೇಲೆ ಸರಿಹೋದರೆ ಅದು ತೊಂದರೆ ಅಲ್ಲ. ಅದರ ಬೂಟ್ ಸಂದೇಶ 74880 ವೇಗದಲ್ಲಿ ಬರುತ್ತದೆ, ಆ ವೇಗಕ್ಕೆ ಮಾನಿಟರ್ ಇಟ್ಟರೆ ಸ್ಪಷ್ಟವಾಗಿ ಓದಬಹುದು. ಬೋರ್ಡು ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದರೆ ಯಾಕೆ ಅನ್ನುವುದೂ ಅಲ್ಲೇ ಬರೆದಿರುತ್ತದೆ.

ಯಾವ ವೇಗಕ್ಕೂ ಸರಿಹೋಗದಿದ್ದರೆ ಅರ್ಧ ವೇಗ ಹಾಕಿ ನೋಡಿ. ಕೆಲವೊಮ್ಮೆ ಚಿಪ್ ಓಡುವುದು 8 ಮೆಗಾಹರ್ಟ್ಸ್‌ನಲ್ಲಿ, ಕೋಡ್ ಕಂಪೈಲ್ ಆಗಿರುವುದು 16 ಮೆಗಾಹರ್ಟ್ಸ್ ಅಂತ. ಆಗ 9600 ಅಂದಿದ್ದು 4800 ಆಗಿ ಹೊರಗೆ ಬರುತ್ತದೆ. ಹೊಸದಾಗಿ ತಂದ ಬಿಡಿ ಎಟಿಮೆಗಾ328ಪಿ ಚಿಪ್ (ಊನೋದ ಮುಖ್ಯ ಚಿಪ್ ಇದೇ) ಫ್ಯಾಕ್ಟರಿಯಿಂದ 1 ಮೆಗಾಹರ್ಟ್ಸ್‌ಗೆ ಸೆಟ್ ಆಗಿ ಬರುತ್ತದೆ, ಅದರಲ್ಲಿ ಅದೇ ಕೋಡ್ 600ಕ್ಕೆ ಇಳಿಯುತ್ತದೆ. ಬೋರ್ಡ್ ಆಯ್ಕೆಯಲ್ಲಿ ಸರಿಯಾದ ಕ್ಲಾಕ್ ಹಾಕಿದರೆ ಮುಗಿಯಿತು.

ಬಹುಪಾಲು ಅಕ್ಷರ ಸರಿ, ನಡುನಡುವೆ ಒಂದೊಂದು ತಪ್ಪು ಅಂದರೆ ಎರಡೂ ಕಡೆಯ ಗಡಿಯಾರ ಸ್ವಲ್ಪ ಹೊಂದುತ್ತಿಲ್ಲ. ಒಂದು ಅಕ್ಷರಕ್ಕೆ ಸ್ಟಾರ್ಟ್, ಎಂಟು ಡೇಟಾ, ಸ್ಟಾಪ್ ಸೇರಿ ಹತ್ತು ಬಿಟ್. ಸ್ಟಾರ್ಟ್ ಬಿಟ್ಟಿನಿಂದ ಲೆಕ್ಕ ಹಿಡಿದು ಹತ್ತನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಬಿಟ್ ಜಾರಿದರೆ ಅಕ್ಷರ ಕೆಟ್ಟಿತು, ಅಂದರೆ ಎರಡೂ ಕಡೆ ಸೇರಿ ಶೇ 5ರ ಒಳಗಿರಬೇಕು. 16 ಮೆಗಾಹರ್ಟ್ಸ್ ಊನೋದಲ್ಲಿ 115200 ಅಂದರೆ ನಿಜವಾಗಿ ಬರುವುದು ಸುಮಾರು 117647, ಅಲ್ಲೇ ಶೇ 2.1 ತಪ್ಪು. ಸಾಮಾನ್ಯವಾಗಿ ನಡೆದುಹೋಗುತ್ತದೆ. ಆದರೆ ಆ ಕಡೆ ಕ್ರಿಸ್ಟಲ್ (ನಿಖರ ಗಡಿಯಾರ ಕೊಡುವ ಭಾಗ) ಇಲ್ಲದೆ ಒಳಗಿನ ಆಸಿಲೇಟರ್‌ನಲ್ಲಿ ಓಡುವ ಚಿಪ್ ಇದ್ದರೆ ಕೈಕೊಡುತ್ತದೆ. ತಾಪಮಾನದ ರೀಡಿಂಗ್ ಕಳಿಸಲು ಯಾಕೆ 115200 ಬೇಕು? 9600ಕ್ಕೆ ಇಳಿಸಿ, ಅಲ್ಲಿ ತಪ್ಪು ಶೇ 0.2 ಮಾತ್ರ.

ಇನ್ನು ಮಂಡಿಯ ತೂಕದ ಯಂತ್ರದ ಥರದವು. ಅವುಗಳಲ್ಲಿ ಕೆಲವು ಏಳು ಡೇಟಾ ಬಿಟ್, ಈವನ್ ಪ್ಯಾರಿಟಿ (1ರ ಬಿಟ್‌ಗಳ ಎಣಿಕೆ ಸಮಸಂಖ್ಯೆ ಆಗುವಂತೆ ಸೇರಿಸುವ ತಪಾಸಣೆ ಬಿಟ್) ಬಳಸುತ್ತವೆ. ನೀವು ಎಂಟು ಬಿಟ್, ಪ್ಯಾರಿಟಿ ಇಲ್ಲ ಅಂತ ಓದಿದರೆ ಒಂದು ವಿಚಿತ್ರ ಆಗುತ್ತದೆ: 0, 3, 5, 6, 9 ಸರಿಯಾಗಿ ಬರುತ್ತವೆ, 1, 2, 4, 7, 8 ಮಾತ್ರ ಕೆಟ್ಟು ಬರುತ್ತವೆ. ಈ ಗುರುತು ಕಂಡರೆ ಬೇರೇನೂ ಹುಡುಕಬೇಡಿ, ಪ್ಯಾರಿಟಿ ಸೆಟ್ಟಿಂಗ್ ಸರಿ ಮಾಡಿ.

6. ಅಕ್ಷರ ಸರಿ, ಆದರೆ ವಿಷಯ ತಪ್ಪು

ಬೋರ್ಡಿಗೆ ಆನ್ ಅಂತ ಕಮಾಂಡ್ ಕಳಿಸಿದರೆ ಏನೂ ಆಗುವುದಿಲ್ಲ. ಸೀರಿಯಲ್ ಮಾನಿಟರ್ ಸಾಲಿನ ಕೊನೆಗೆ ನ್ಯೂಲೈನ್, ಕ್ಯಾರೇಜ್ ರಿಟರ್ನ್ ಎಂಬ ಕಾಣದ ಅಕ್ಷರ ಸೇರಿಸಿ ಕಳಿಸಿರುತ್ತದೆ, ನಿಮ್ಮ ಕೋಡ್ ಎರಡೇ ಅಕ್ಷರ ನಿರೀಕ್ಷೆ ಮಾಡುತ್ತಿರುತ್ತದೆ. ಓದಿದ ಸ್ಟ್ರಿಂಗ್‌ಗೆ ಟ್ರಿಮ್ ಹಾಕಿ, ಆ ಅಕ್ಷರ ಉದುರುತ್ತವೆ. ಇದಕ್ಕೆ ಉಲ್ಟಾ, ಜಿಎಸ್‌ಎಂ ಮಾಡ್ಯೂಲ್‌ಗೆ ಎಟಿ ಕಮಾಂಡ್ ಕಳಿಸುವಾಗ ಕ್ಯಾರೇಜ್ ರಿಟರ್ನ್ ಇಲ್ಲದಿದ್ದರೆ ಅದು ಉತ್ತರವನ್ನೇ ಕೊಡುವುದಿಲ್ಲ.

65 ಅಂತ ಕಳಿಸಿದ್ದು ಇಂಗ್ಲಿಷ್ ಎ ಅಕ್ಷರ ಆಗಿ ಬಂದರೆ ನೀವು ಪ್ರಿಂಟ್ ಬದಲು ರೈಟ್ ಬಳಸಿದ್ದೀರಿ. ಪ್ರಿಂಟ್ ಅಂಕಿಯನ್ನು ಬರಹವಾಗಿ ಕಳಿಸುತ್ತದೆ, ರೈಟ್ ಒಂದು ಬೈಟ್ ಆಗಿ.

ಸಾಲಿನ ಬಾಲ ತುಂಡಾಗಿ ಹೋಗುತ್ತಿದ್ದರೆ ಬಫರ್ ನೋಡಿ. ಊನೋ ತನಗೆ ಬಂದಿದ್ದನ್ನು ಇಟ್ಟುಕೊಳ್ಳುವ ಜಾಗ 64 ಬೈಟ್. ಡಿಎಚ್‌ಟಿ22ಗೆ ರೀಡಿಂಗ್ ನಡುವೆ ಎರಡು ಸೆಕೆಂಡ್ ಬಿಡಬೇಕು ಅಂತ ಡಿಲೇ 2000 ಹಾಕಿರುತ್ತೀರಿ. ಆ ಎರಡು ಸೆಕೆಂಡಿನಲ್ಲಿ 9600 ವೇಗದಲ್ಲಿ 1920 ಅಕ್ಷರ ಬರಬಹುದು, ಜಾಗ ತುಂಬಿದ ಮೇಲೆ ಬಂದದ್ದೆಲ್ಲ ಬಿದ್ದುಹೋಗುತ್ತದೆ. ಡಿಲೇ ಬಿಟ್ಟು ಮಿಲ್ಲಿಸ್ (ಬೋರ್ಡು ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನುವ) ಲೆಕ್ಕದಲ್ಲಿ ಬರೆಯಿರಿ.

ಬೈನರಿ ಡೇಟಾ ಕಳಿಸುವಾಗ ನಿರ್ದಿಷ್ಟವಾಗಿ 17 ಮತ್ತು 19ರ ಬೈಟ್‌ಗಳೇ ಕಾಣೆಯಾದರೆ ಎಕ್ಸ್ಆನ್-ಎಕ್ಸ್ಆಫ್ ಫ್ಲೋ ಕಂಟ್ರೋಲ್ (ಆ ಎರಡು ಬೈಟನ್ನು ಮುಂದುವರಿಸು, ನಿಲ್ಲಿಸು ಅನ್ನುವ ಸನ್ನೆ ಅಂತ ನುಂಗುವ ವ್ಯವಸ್ಥೆ) ಆನ್ ಇದೆ. ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಂನಲ್ಲಿ ಅದು ಮೊದಲಿಂದಲೇ ಆನ್ ಇರುತ್ತದೆ. ನನ್ (ಯಾವುದೂ ಬೇಡ) ಅಂತ ಬದಲಾಯಿಸಿ.

7. ಅಪ್‌ಲೋಡ್ ಆಗ್ತಿಲ್ಲ, ಅಥವಾ ಪೋರ್ಟ್ ತೆರೆದ ಕೂಡಲೇ ರೀಸೆಟ್

ಊನೋದಲ್ಲಿ ನಾಟ್ ಇನ್ ಸಿಂಕ್ ಅಂತ ಬಂದರೆ 0 ಮತ್ತು 1ನೇ ಪಿನ್‌ಗೆ ಸಿಕ್ಕಿಸಿದ್ದೆಲ್ಲ ತೆಗೆಯಿರಿ. ಬ್ಲೂಟೂತ್ ಮಾಡ್ಯೂಲ್ ಅಲ್ಲಿ ಕೂತಿದ್ದರೆ ಅಪ್‌ಲೋಡ್ ಆಗುವುದಿಲ್ಲ. ಆಮೇಲೆ ಬೋರ್ಡ್ ಆಯ್ಕೆ ಸರಿ ಇದೆಯಾ ನೋಡಿ. ಹಳೆಯ ನ್ಯಾನೋ ಆದರೆ ಓಲ್ಡ್ ಬೂಟ್‌ಲೋಡರ್ (ಬೂಟ್‌ಲೋಡರ್ ಅಂದರೆ ಕೋಡನ್ನು ಚಿಪ್‌ಗೆ ಬರೆಸುವ ಸಣ್ಣ ಪ್ರೋಗ್ರಾಂ) ಆರಿಸಬೇಕಾಗಬಹುದು. ಇಎಸ್‌ಪಿ32ರಲ್ಲಿ ಕನೆಕ್ಟಿಂಗ್ ಅಂತ ಚುಕ್ಕಿ ಬೀಳುತ್ತಲೇ ಇದ್ದರೆ ಬೂಟ್ ಬಟನ್ ಒತ್ತಿ ಹಿಡಿದು, ಬರೆಯಲು ಶುರುವಾದ ಮೇಲೆ ಬಿಡಿ.

ಊನೋ ಪೋರ್ಟ್ ತೆರೆದ ಕೂಡಲೇ ರೀಸೆಟ್ ಆಗುವುದು ಅದರ ರೀತಿಯೇ ಹಾಗೆ. ಕಂಪ್ಯೂಟರ್ ಡಿಟಿಆರ್ ಎಂಬ ಸನ್ನೆ ತಂತಿಯ ವೋಲ್ಟೇಜ್ ಕೆಳಗೆ ಎಳೆಯುತ್ತದೆ, ಅದು ಸಣ್ಣ ಕೆಪಾಸಿಟರ್ ಮೂಲಕ ರೀಸೆಟ್ ಪಿನ್ ಮುಟ್ಟುತ್ತದೆ. ಪೈಥಾನ್ ಪ್ರೋಗ್ರಾಂ ಪೋರ್ಟ್ ತೆರೆದು ಕೂಡಲೇ ಕಮಾಂಡ್ ಕಳಿಸಿದರೆ ಬೂಟ್‌ಲೋಡರ್ ಇನ್ನೂ ಓಡುತ್ತಿರುತ್ತದೆ, ಕಮಾಂಡ್ ಹಾಳು. ತೆರೆದ ಮೇಲೆ ಎರಡು ಸೆಕೆಂಡ್ ಕಾಯಿರಿ. ರೀಸೆಟ್ ಬೇಡವೇ ಬೇಡ ಅಂದರೆ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಪ್ಲಸ್ ಕಾಲು ರೀಸೆಟ್ ಕಡೆ ಇರಲಿ. ಅಪ್‌ಲೋಡ್ ಮಾಡುವಾಗ ಮಾತ್ರ ತೆಗೆಯಬೇಕು.

ಇಎಸ್‌ಪಿ32-ಎಸ್3, ಸಿ3 ಬೋರ್ಡುಗಳಲ್ಲಿ ಅಪ್‌ಲೋಡ್ ಆಗಿಯೂ ಮಾನಿಟರ್ ಖಾಲಿ ಇದ್ದರೆ, ಟೂಲ್ಸ್ ಮೆನುವಿನ ಯುಎಸ್‌ಬಿ ಸಿಡಿಸಿ ಆನ್ ಬೂಟ್ ಆಯ್ಕೆ ಎನೇಬಲ್ ಮಾಡಿ ಮತ್ತೆ ಅಪ್‌ಲೋಡ್ ಮಾಡಿ.

8. ಮೇಜಿನ ಮೇಲೆ ಸರಿ, ತೋಟದಲ್ಲಿ ಕೈಕೊಡುತ್ತದೆ

ನಮ್ಮ ಕಡೆ ಇದೇ ದೊಡ್ಡ ತಲೆನೋವು. ಪಂಪ್‌ಗೆ ಕರೆಂಟ್ ಬಂದು ಸ್ಟಾರ್ಟರ್ ಟಕ್ ಅಂದ ಕ್ಷಣ ಪೋರ್ಟ್ ಮಾಯ. ಬೆಳಗ್ಗೆ ನೋಡಿದರೆ ರಾತ್ರಿಯಿಡೀ ರೀಡಿಂಗ್ ಇಲ್ಲ. ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಬಿಡುವಾಗ ಏಳುವ ಕಿಡಿ ಪಕ್ಕದ ತಂತಿಗಳಿಗೆಲ್ಲ ಹೊಡೆಯುತ್ತದೆ, ಯುಎಸ್‌ಬಿ ಸಂಪರ್ಕ ಒಮ್ಮೆ ಕಡಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಯುಎಸ್‌ಬಿ ಕೇಬಲ್ ಪಂಪ್ ಪ್ಯಾನೆಲ್ ಪಕ್ಕ ಹಾಯಬಾರದು, ಮೋಟರ್ ಕೇಬಲ್ ಜೊತೆ ಒಂದೇ ಪೈಪ್‌ನಲ್ಲಂತೂ ಹೋಗಲೇಬಾರದು. ಕೇಬಲ್ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು, ಯುಎಸ್‌ಬಿಗೆ 5 ಮೀಟರ್ ಮಿತಿ. ರಿಲೇ ಮತ್ತು ಬೋರ್ಡಿಗೆ ಬೇರೆ ಬೇರೆ ಪವರ್ ಕೊಡಿ. ಕಾಂಟ್ಯಾಕ್ಟರ್ ಕಾಯಿಲ್‌ಗೆ ಸ್ನಬ್ಬರ್ (ಕಿಡಿ ತಗ್ಗಿಸುವ ಭಾಗ) ಹಾಕಿಸಿ, ಆದರೆ ಆ ಕೆಲಸ ಎಲೆಕ್ಟ್ರಿಷಿಯನ್ ಕೈಲೇ ಆಗಲಿ. ಮೂರು ಫೇಸ್ ಪ್ಯಾನೆಲ್‌ಗೆ ಹುಡುಗರು ಕೈ ಹಾಕಬಾರದು.

ದೂರ ಜಾಸ್ತಿ ಇದ್ದರೆ ಟಿಟಿಎಲ್ (ಬೋರ್ಡಿನ 5 ಅಥವಾ 3.3 ವೋಲ್ಟಿನ) ಸಿಗ್ನಲ್ ಎಳೆಯಲು ಹೋಗಬೇಡಿ. ಆರ್‌ಎಸ್-485 ಎಂಬ, ದೂರಕ್ಕೆಂದೇ ಇರುವ ಜೋಡಿ ತಂತಿಯ ಪದ್ಧತಿ ಬಳಸಿ, ಕಡಿಮೆ ವೇಗದಲ್ಲಿ 1200 ಮೀಟರ್ ತನಕ ಹೋಗುತ್ತದೆ. ಹೆಣೆದ ಜೋಡಿ ತಂತಿ ಬೇಕು, ಲೈನಿನ ಎರಡು ತುದಿಗೆ ಮಾತ್ರ 120 ಓಮ್ ರೆಸಿಸ್ಟರ್. ಏನೂ ಬರದಿದ್ದರೆ ಎ ಮತ್ತು ಬಿ ತಂತಿ ಅದಲುಬದಲು ಮಾಡಿ ನೋಡಿ, ಹಾಳಾಗುವುದಿಲ್ಲ. ಸಂದೇಶದ ಕೊನೆಯ ಅಕ್ಷರ ಮಾತ್ರ ತಿಂದುಹೋಗುತ್ತಿದ್ದರೆ ನೀವು ಡಿಇ (ಕಳಿಸಲು ಅನುಮತಿ ಕೊಡುವ) ಪಿನ್ನನ್ನು ಬೇಗ ಇಳಿಸುತ್ತಿದ್ದೀರಿ. ಸೀರಿಯಲ್ ಫ್ಲಶ್ (ಎಲ್ಲ ಅಕ್ಷರ ಹೋಗುವ ತನಕ ಕಾಯುವ ಸಾಲು) ಮುಗಿದ ಮೇಲೆ ಇಳಿಸಿ.

ಕಂಪ್ಯೂಟರ್ ಕಡೆಯ ಪ್ರೋಗ್ರಾಂ ಸಂಪರ್ಕ ಕಡಿದಾಗ ಸಾಯದೆ, ಕೆಲವು ಸೆಕೆಂಡಿಗೊಮ್ಮೆ ಪೋರ್ಟ್ ಮತ್ತೆ ತೆರೆಯಲು ನೋಡುವಂತೆ ಬರೆಯಿರಿ. ಲಿನಕ್ಸ್‌ನಲ್ಲಿ ಮತ್ತೆ ಬಂದಾಗ ಯುಎಸ್‌ಬಿ 0 ಇದ್ದದ್ದು ಯುಎಸ್‌ಬಿ 1 ಆಗಿರಬಹುದು, ಹಾಗಾಗಿ ಸೀರಿಯಲ್ ಬೈ ಐಡಿ ಫೋಲ್ಡರ್‌ನ ಹೆಸರು ಬಳಸಿ. ಪ್ರತಿ ಸಾಲಿಗೂ ಸಮಯ ಬರೆದಿಡಿ. ರೀಡಿಂಗ್ ನಿಂತ ಹೊತ್ತು ಸ್ಟಾರ್ಟರ್ ಬಿದ್ದ ಹೊತ್ತಿಗೆ ತಾಳೆಯಾದರೆ ಕಾರಣ ಅಲ್ಲೇ ಸಿಕ್ಕಿತು.

ಹುಳು ಮನೆಗೆ ಇನ್ನೊಂದು ವಿಶೇಷ ಕಾಳಜಿ ಬೇಕು. ಶೇ 85ರ ತೇವಾಂಶದಲ್ಲಿ ಜಂಪರ್ ವೈರ್‌ನ ತುದಿ ಬೇಗ ಕಿಲುಬು ಹಿಡಿಯುತ್ತದೆ, ಅಲ್ಲಿ ಬೆಸುಗೆ ಹಾಕಿದ ಜೋಡಣೆಯೇ ಸರಿ. ಬೆಳೆ ಮುಗಿದು ಬ್ಲೀಚಿಂಗ್ ಪೌಡರ್ ಸಿಂಪಡಿಸುವ ಮುಂಚೆ ಬೋರ್ಡನ್ನೂ ಸೆನ್ಸರನ್ನೂ ಬಿಚ್ಚಿ ಹೊರಗಿಡಿ, ಕ್ಲೋರಿನ್ ತಾಮ್ರವನ್ನು ತಿನ್ನುತ್ತದೆ. ವಾಪಸ್ ಹಾಕುವಾಗ ಹುಳು ತರುವ ಹಿಂದಿನ ದಿನವೇ ಹಾಕಿ, ಒಂದು ರಾತ್ರಿ ಪೂರ್ತಿ ಓಡಿಸಿ ಲಾಗ್ ನೋಡಿ.